ಹಂದಿ ಯಾಕೆ ಬೇಡ, ಹಾಲು ಮಾಂಸ ಯಾಕೆ ಬೇರೆ ಬೇರೆ? ಕೋಷರ್ ಮತ್ತು ಹಲಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಷರ್ ಅಂದರೆ ಯೆಹೂದಿ ಧರ್ಮ ಒಪ್ಪುವ ಆಹಾರ, ಹಲಾಲ್ ಅಂದರೆ ಇಸ್ಲಾಂ ಒಪ್ಪುವುದು. ಇವುಗಳ ಬಗ್ಗೆ ನಾನು ಓದುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಸ್ನೇಹಿತರು ಕೇಳಿದ ಪ್ರಶ್ನೆಗಳು ಇವು. ಕೆಲವನ್ನು ಹತ್ತಾರು ಸಲ ಕೇಳಿದ್ದಾರೆ. ನಾನು ಮೌಲ್ವಿಯೂ ಅಲ್ಲ, ಯೆಹೂದಿ ಧರ್ಮಗುರು ರಬ್ಬಿಯೂ ಅಲ್ಲ. ಇಂಥದ್ದು ತಿನ್ನಬಹುದಾ, ಬೇಡವಾ ಎಂಬ ತೀರ್ಪು ಬೇಕಿದ್ದರೆ ಅವರನ್ನೇ ಕೇಳಿ. ಇಲ್ಲಿರುವುದು 'ಯಾಕೆ' ಎಂಬುದರ ಸುತ್ತ ಒಂದಷ್ಟು ಮಾತು.

ಹಂದಿ ಬೇಡ ಅಂದಿದ್ದು ಆರೋಗ್ಯದ ಕಾರಣಕ್ಕೇ ಅಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬಹಳ ಜನ ಉತ್ತರವನ್ನೂ ತಾವೇ ತಂದಿರುತ್ತಾರೆ. "ಆಗ ಫ್ರಿಜ್ ಇರಲಿಲ್ಲ, ಬಿಸಿಲ ದೇಶ, ಹಂದಿ ಮಾಂಸದಲ್ಲಿ ಹುಳ ಇರುತ್ತೆ, ಹಿರಿಯರು ಬುದ್ಧಿವಂತರು." ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಕೆದಕಿದರೆ ನಿಲ್ಲುವುದಿಲ್ಲ.

ಹಂದಿ ಮಾಂಸದಿಂದ ಬರುವ ಟ್ರೈಕಿನೋಸಿಸ್ ರೋಗವನ್ನೇ ನೋಡಿ. ಸರಿಯಾಗಿ ಬೇಯದ ಮಾಂಸ ತಿಂದವರಿಗೆ ಮೈ ನೋವು, ಜ್ವರ, ಊತ ಜೋರಾಗುವ ಹೊತ್ತಿಗೆ ಒಂದೆರಡು ವಾರ ಕಳೆದಿರುತ್ತದೆ. ಆ ಊಟಕ್ಕೂ ಈ ಜ್ವರಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು? ಮನುಷ್ಯರ ಸ್ನಾಯುವಿನಲ್ಲಿ ಆ ಹುಳವನ್ನು ಮೊದಲು ಕಂಡದ್ದು 1835ರಲ್ಲಿ, ಲಂಡನ್ನಿನ ವೈದ್ಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್. ಹಂದಿ ಮಾಂಸದಿಂದಲೇ ರೋಗ ಬರುತ್ತದೆ ಅಂತ ಖಚಿತವಾದದ್ದು 1860ರಲ್ಲಿ, ಜರ್ಮನಿಯಲ್ಲಿ. ಯೆಹೂದಿಗಳ ಧರ್ಮಗ್ರಂಥ ತೋರಾ ಬರೆದವರು ಸೂಕ್ಷ್ಮದರ್ಶಕ ಇಲ್ಲದೆ ಇದನ್ನು ಕಂಡುಹಿಡಿದರು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ಇನ್ನೊಂದು ತೊಡಕೂ ಇದೆ. ದನ, ಕುರಿ, ಮೇಕೆಗಳಿಂದ ಆಂಥ್ರಾಕ್ಸ್ ಬರುತ್ತದೆ, ಬ್ರುಸೆಲ್ಲೋಸಿಸ್ ಬರುತ್ತದೆ. ಅವುಗಳ ಮಾಂಸಕ್ಕೆ ಎರಡೂ ಧರ್ಮಗಳಲ್ಲಿ ಅಡ್ಡಿ ಇಲ್ಲ. ಆರೋಗ್ಯವೇ ಚಿಂತೆಯಾಗಿದ್ದರೆ 'ಚೆನ್ನಾಗಿ ಬೇಯಿಸಿ ತಿನ್ನಿ' ಅಂದಿದ್ದರೆ ಸಾಕಿತ್ತು. ವಿಷದ ಗಿಡ, ವಿಷದ ಅಣಬೆಗಳ ಪಟ್ಟಿಯಾದರೂ ಇರಬೇಕಿತ್ತು. ತೋರಾದಲ್ಲಿ ಅಂಥ ಒಂದು ಸಾಲೂ ಇಲ್ಲ.

ನನ್ನನ್ನು ಪೂರ್ತಿ ಒಪ್ಪಿಸಿದ್ದು ಮಾತ್ರ ಬೇರೆ ಪ್ರಕರಣ. ಹಂದಿಯ ಲಾಡಿಹುಳು ಮನುಷ್ಯರ ಮೆದುಳಿಗೆ ಹೋಗಿ ಫಿಟ್ಸ್ ತರುವ ಕಾಯಿಲೆ ಇದೆ. 1992ರಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯೆಹೂದಿಗಳಲ್ಲಿ ಇದು ಕಂಡುಬಂದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗಿನಿಂದ ಹಂದಿ ಮುಟ್ಟದವರು! ಹುಳುವಿನ ಮೊಟ್ಟೆ ಬರುವುದು ಮಾಂಸದಿಂದಲ್ಲ. ಹೊಟ್ಟೆಯಲ್ಲಿ ಲಾಡಿಹುಳು ಇರುವ ಮನುಷ್ಯರ ಮಲದಿಂದ, ಅವರು ಸರಿಯಾಗಿ ತೊಳೆಯದ ಕೈಯಿಂದ. ಹಂದಿ ಬಿಟ್ಟರೂ ಆ ಕಾಯಿಲೆ ಅವರನ್ನು ಬಿಡಲಿಲ್ಲ.

ಹಾಗಾದರೆ ಆರೋಗ್ಯದ ಮಾತು ಹುಟ್ಟಿದ್ದೆಲ್ಲಿ?

ಅದಕ್ಕೂ ವಯಸ್ಸಾಗಿದೆ. ಮೈಮೋನಿಡೀಸ್ (1138–1204) ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ದೊಡ್ಡ ಯೆಹೂದಿ ವಿದ್ವಾಂಸ. ಹೊಟ್ಟೆಪಾಡಿಗೆ ವೈದ್ಯ, ಅದೂ ಆಸ್ಥಾನ ವೈದ್ಯ. ತೋರಾ ಬೇಡ ಅಂದದ್ದೆಲ್ಲ ಮೈಗೆ ಒಗ್ಗದ ಆಹಾರ ಅಂತ ಬರೆದದ್ದು ಅವರು. ಹಂದಿಯ ಬಗ್ಗೆ ಅವರ ದೊಡ್ಡ ದೂರು ಕೊಳಕಿನದು. ಹಂದಿ ಸಾಕಲು ಬಿಟ್ಟರೆ ಬೀದಿ, ಮನೆ ಎಲ್ಲ ಕಕ್ಕಸಿಗಿಂತ ಹೊಲಸಾಗುತ್ತವೆ, ಯುರೋಪಿನವರ ಊರುಗಳನ್ನೇ ನೋಡಿ ಅಂದರು. ವೈದ್ಯರ ಕಣ್ಣಿಗೆ ಎಲ್ಲವೂ ವೈದ್ಯಕೀಯವಾಗಿಯೇ ಕಾಣುತ್ತದೆ, ಅಲ್ವಾ?

ಇದನ್ನು ಒಪ್ಪದವರು ಅವರ ಸಮುದಾಯದಲ್ಲೇ ಇದ್ದರು. ಹದಿನೈದನೇ ಶತಮಾನದ ಐಸಾಕ್ ಅಬ್ರವನೆಲ್ ವಾದ ಸರಳ. ದೇವರ ಗ್ರಂಥವನ್ನು ಒಂದು ಸಣ್ಣ ವೈದ್ಯ ಪುಸ್ತಕದ ಮಟ್ಟಕ್ಕೆ ಇಳಿಸಬೇಡಿ. ಹಂದಿ ತಿನ್ನುವ ಜನ ನಮ್ಮ ಕಣ್ಣೆದುರೇ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರಲ್ಲ! ಇವರಿಬ್ಬರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದ ಯೆಹೂದಿ ತತ್ವಜ್ಞಾನಿ ಫಿಲೋ ಹೇಳಿದ ಕಾರಣ ಇನ್ನೂ ಮಜವಾಗಿದೆ. ನೆಲದ ಪ್ರಾಣಿಗಳಲ್ಲಿ ಹಂದಿ ಮಾಂಸವೇ ಬಲು ರುಚಿ, ನಾಲಿಗೆ ಚಪಲ ಹತೋಟಿಯಲ್ಲಿರಲಿ ಅಂತಲೇ ಅದನ್ನು ಬೇಡ ಅಂದದ್ದು! ಒಬ್ಬರಿಗೆ ಹೊಲಸು, ಇನ್ನೊಬ್ಬರಿಗೆ ರುಚಿ. ನಿಯಮ ಮಾತ್ರ ಒಂದೇ.

ಗ್ರಂಥಗಳು ತಾವೇ ಏನು ಕಾರಣ ಕೊಡುತ್ತವೆ?

ಬಹಳ ಕಡಿಮೆ. ತೋರಾದ ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ಪ್ರಾಣಿಗಳ ಉದ್ದದ ಪಟ್ಟಿ ಇದೆ. ಕೊನೆಗೆ ಸಿಗುವ ಕಾರಣ ಇಷ್ಟೇ: ನಾನು ಪವಿತ್ರನು, ಆದ್ದರಿಂದ ನೀವೂ ಪವಿತ್ರರಾಗಿರಿ. ಹೀಬ್ರೂವಿನ ಆ ಪದಕ್ಕೆ 'ಬೇರೆಯಾಗಿ ಇಟ್ಟದ್ದು' ಎಂಬ ಅರ್ಥವೂ ಇದೆ. ಮನೆಯಲ್ಲಿ ಮಡಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮಡಿಬಟ್ಟೆ ವಾಷಿಂಗ್ ಮಷೀನಿನಿಂದ ತೆಗೆದ ಬಟ್ಟೆಗಿಂತ ಸ್ವಚ್ಛ ಅಂತ ಅಜ್ಜಿ ಯಾವತ್ತೂ ವಾದಿಸಲಿಲ್ಲ. ಅದರ ಲೆಕ್ಕವೇ ಬೇರೆ.

ಕುರ್‌ಆನ್ ಹೆಸರು ಹಿಡಿದು ಬೇಡ ಅನ್ನುವುದು ಮುಖ್ಯವಾಗಿ ನಾಲ್ಕನ್ನು. ತಾನಾಗಿ ಸತ್ತ ಪ್ರಾಣಿ, ಹರಿಯುವ ರಕ್ತ, ಹಂದಿ ಮಾಂಸ, ಅಲ್ಲಾಹನನ್ನು ಬಿಟ್ಟು ಬೇರೆಯವರ ಹೆಸರಿನಲ್ಲಿ ಅರ್ಪಿಸಿದ್ದು. ಹಂದಿಗೆ ಕೊಡುವ ಕಾರಣ ಒಂದೇ ಪದ, 'ರಿಜ್ಸ್'. ಹೊಲಸು, ಅಶುದ್ಧ ಅಂತ ಅರ್ಥ. ಯಾವ ಬಗೆಯ ಹೊಲಸು ಎಂಬ ವಿವರಣೆ ಇಲ್ಲ.

ಕಾರಣವನ್ನು ಬಾಯಿಬಿಟ್ಟು ಹೇಳುವ ನಿಯಮವೂ ಒಂದಿದೆ. ಆದಿಕಾಂಡದಲ್ಲಿ ಯಾಕೋಬ ರಾತ್ರಿಯಿಡೀ ಅಪರಿಚಿತನೊಬ್ಬನ ಜೊತೆ ಕುಸ್ತಿ ಆಡುತ್ತಾನೆ. ತೊಡೆಯ ಕೀಲು ತಪ್ಪುತ್ತದೆ, ಬೆಳಿಗ್ಗೆ ಕುಂಟುತ್ತಾ ಹೋಗುತ್ತಾನೆ. ಅದಕ್ಕೇ ಇಸ್ರೇಲರು (ಯಾಕೋಬನ ವಂಶದವರು, ಯೆಹೂದಿಗಳ ಪೂರ್ವಿಕರು) ತೊಡೆಯ ಆ ನರವನ್ನು ತಿನ್ನುವುದಿಲ್ಲ ಅಂತ ಅಲ್ಲೇ ಬರೆದಿದೆ. ನರವನ್ನು ಬಿಡಿಸಿ ತೆಗೆಯುವುದು ಎಷ್ಟು ತಲೆನೋವಿನ ಕೆಲಸ ಎಂದರೆ ಹಲವು ದೇಶಗಳಲ್ಲಿ ಕೋಷರ್ ಅಂಗಡಿಯವರು ಹಿಂಭಾಗವನ್ನೇ ಇಡುವುದಿಲ್ಲ. ಇಡಿಯಾಗಿ ಬೇರೆಯವರಿಗೆ ಮಾರಿಬಿಡುತ್ತಾರೆ.

ಉಳಿದ ನಿಯಮಗಳಿಗೆ ಹಳೆಯ ರಬ್ಬಿಗಳ ಒಂದು ಮಾತು ನನಗೆ ತುಂಬ ಇಷ್ಟ. 'ಹಂದಿ ನನಗೆ ಸೇರಲ್ಲ' ಅನ್ನಬೇಡ. 'ತಿನ್ನೋಕೆ ಆಸೆ ಇದೆ, ಏನು ಮಾಡಲಿ, ಮೇಲಿರುವ ತಂದೆ ಬೇಡ ಅಂದಿದ್ದಾನೆ' ಅನ್ನು. ಅಂದರೆ ಅಸಹ್ಯಪಟ್ಟು ಬಿಟ್ಟರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಹೇಳಿದ ಮಾತು ಕೇಳಿದ್ದಕ್ಕೆ ಬೆಲೆ.

ಮೆಲುಕು, ಗೊರಸು ಅಂತಾರಲ್ಲ, ಅದೇನು?

ತೋರಾದ ಪ್ರಕಾರ ನೆಲದ ಪ್ರಾಣಿ ತಿನ್ನಬೇಕಾದರೆ ಎರಡು ಗುಣ ಒಟ್ಟಿಗೆ ಬೇಕು. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ದನ, ಎಮ್ಮೆ, ಕುರಿ, ಮೇಕೆ, ಜಿಂಕೆ ಪಾಸ್. ಒಂದು ಗುಣವಿದ್ದು ಇನ್ನೊಂದು ಇಲ್ಲದ ನಾಲ್ಕನ್ನು ಹೆಸರಿಸಿ ಹೊರಗಿಡಲಾಗಿದೆ. ಒಂಟೆ, ಮೊಲ, ಬಂಡೆಗಳ ಸಂದಿಯಲ್ಲಿ ಬದುಕುವ ಹೈರಾಕ್ಸ್ ಎಂಬ ಪುಟ್ಟ ಪ್ರಾಣಿ, ಮತ್ತು ಹಂದಿ. ತೋರಾದ ಲೆಕ್ಕದಲ್ಲಿ ಮೊದಲ ಮೂರು ಮೆಲುಕು ಹಾಕುತ್ತವೆ, ಗೊರಸು ಸರಿಯಿಲ್ಲ. ಹಂದಿಯದು ಉಲ್ಟಾ. ಕಾಲು ನೋಡಿದರೆ ಮೇಕೆಯ ಹಾಗೆ ನೀಟಾಗಿ ಸೀಳಿದ ಗೊರಸು, ಮೆಲುಕು ಮಾತ್ರ ಇಲ್ಲ. ಮಲಗಿದಾಗ ಕಾಲು ಮುಂದೆ ಚಾಚಿ 'ನೋಡಿ, ನಾನು ಶುದ್ಧ' ಅಂತ ತೋರಿಸಿಕೊಳ್ಳುತ್ತದೆ ಅಂತ ರಬ್ಬಿಗಳು ಹಂದಿಯನ್ನು ಕಪಟಿಗೆ ಹೋಲಿಸಿದರು. ಪಾಪ.

ನಿಜ ಹೇಳಬೇಕೆಂದರೆ ಮೊಲ ಮೆಲುಕು ಹಾಕುವುದಿಲ್ಲ. ಸದಾ ಬಾಯಾಡಿಸುತ್ತಾ ಇರುತ್ತದೆ, ನೋಡಿದರೆ ಹಾಗೆ ಕಾಣುತ್ತದೆ. ಇದು ಕಣ್ಣಿಗೆ ಕಾಣುವ ಗುರುತುಗಳ ಪಟ್ಟಿ.

ಯಾಕೆ ಇವೇ ಗುರುತು? 1966ರಲ್ಲಿ ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಹೊಸ ಉತ್ತರ ಕೊಟ್ಟರು. ಪ್ರತಿ ಸಮಾಜವೂ ಜಗತ್ತನ್ನು ಗೂಡು ಗೂಡಾಗಿ ವಿಂಗಡಿಸುತ್ತದೆ. ಯಾವ ಗೂಡಿಗೂ ಸರಿಯಾಗಿ ಕೂರದ್ದು ಅಶುದ್ಧ. ಕುರಿ, ದನ ಸಾಕುವವರಿಗೆ ಆ ಪ್ರಾಣಿಗಳೇ ಮಾದರಿ. ಅರ್ಧ ಹೋಲುವ ಹಂದಿ ತಲೆಕೆಡಿಸುತ್ತದೆ. ನೀರಿನಲ್ಲಿದ್ದೂ ಈಜುರೆಕ್ಕೆ, ಪೊರೆ ಇಲ್ಲದೆ ಕಾಲಲ್ಲಿ ನಡೆಯುವ ಏಡಿಯೂ ಹಾಗೇ. ಓದಿದಾಗ 'ಆಹಾ' ಅನಿಸಿತ್ತು. ಆದರೆ ಮುಂದೆ ಡಗ್ಲಸ್ ತಾವೇ ತಮ್ಮ ಹಳೆಯ ವಿವರಣೆಯಲ್ಲಿ ತಪ್ಪಿತ್ತು ಅಂತ ಒಪ್ಪಿಕೊಂಡರು. ಅಷ್ಟು ಹೆಸರು ತಂದ ವಾದವನ್ನು ಕೈಬಿಡಲು ಧೈರ್ಯ ಬೇಕು.

ಹಂದಿ ಸಾಕುವುದು ಆ ನಾಡಿಗೆ ಲಾಭವಿರಲಿಲ್ಲ, ಅದಕ್ಕೇ ಬಿಟ್ಟರು ಅಂತಾರಲ್ಲ?

ಅದು ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ 1970ರ ದಶಕದಲ್ಲಿ ಮುಂದಿಟ್ಟ ವಾದ. ಹಂದಿ ಹುಲ್ಲು ತಿಂದು ಬದುಕುವ ಪ್ರಾಣಿಯಲ್ಲ. ಮನುಷ್ಯರು ತಿನ್ನುವ ಕಾಳು, ಗೆಡ್ಡೆಗಳಿಗೇ ಬಾಯಿ ಹಾಕುತ್ತದೆ. ಮೈ ಬೆವರುವುದಿಲ್ಲ, ಹಾಗಾಗಿ ನೆರಳು ಬೇಕು, ಕೆಸರು ಬೇಕು. ಹಾಲು ಕರೆಯುವ ಹಾಗಿಲ್ಲ, ನೇಗಿಲು ಕಟ್ಟುವ ಹಾಗಿಲ್ಲ, ಉಣ್ಣೆ ಇಲ್ಲ. ಮಂದೆ ಹೊಡೆದುಕೊಂಡು ಮರಳುಗಾಡಿನಲ್ಲಿ ನಡೆಯುವುದಂತೂ ಆಗದ ಮಾತು.

ಇದರಲ್ಲಿ ಹುರುಳಿದೆ. ಆದರೆ ಲಾಭವಿಲ್ಲದ ಪ್ರಾಣಿಯನ್ನು ಜನ ತಾವಾಗಿಯೇ ಸಾಕುವುದಿಲ್ಲ, ಅದಕ್ಕೆ ದೇವರ ಅಪ್ಪಣೆ ಯಾಕೆ? ಒಂಟೆ ಮರಳುಗಾಡಿಗೆ ಹೇಳಿ ಮಾಡಿಸಿದ್ದು, ಅದನ್ನೂ ತೋರಾ ಬೇಡ ಅಂದಿದೆ. ಸುತ್ತಮುತ್ತ ಈಜಿಪ್ಟ್, ಮೆಸೊಪೊಟೇಮಿಯಾಗಳಲ್ಲಿ ಹಂದಿ ಸಾಕುತ್ತಿದ್ದರು, ತಿನ್ನುತ್ತಿದ್ದರು. ಹಂದಿಗೆ ಊರಿನ ಕಸವೇ ಸಾಕು. ಕೈರೋದಲ್ಲಿ ಕಸ ಆಯುವ ಕ್ರೈಸ್ತ ಕುಟುಂಬಗಳು ಕೊಳೆತ ಊಟದ ಕಸವನ್ನು ಹಂದಿಗೆ ಹಾಕಿ ಬದುಕುತ್ತಿದ್ದವು. 2009ರಲ್ಲಿ ಹಂದಿಜ್ವರದ ಭಯಕ್ಕೆ ಸರ್ಕಾರ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಹೊರಟಿತು. ಆಮೇಲೆ ಬೀದಿಯಲ್ಲಿ ಕಸ ಕೊಳೆಯತೊಡಗಿತು.

ಅಗೆತಗಾರರು ಕಂಡದ್ದು ಇನ್ನೊಂದು ಸುಳಿವು. ಸುಮಾರು 3,000 ವರ್ಷಗಳ ಹಿಂದೆ ಇಂದಿನ ಇಸ್ರೇಲ್ ಕರಾವಳಿಯ ಎಕ್ರೋನ್, ಅಷ್ಕೆಲಾನ್‌ನಂಥ ಫಿಲಿಷ್ಟಿಯರ ಪಟ್ಟಣಗಳಲ್ಲಿ ಹಂದಿ ಮೂಳೆ ಸಾಕಷ್ಟು ಸಿಗುತ್ತದೆ. ಇಸ್ರೇಲರ ಬೆಟ್ಟದ ಹಳ್ಳಿಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಕ್ಕದ ಊರಿನ ಶತ್ರು ತಿನ್ನುತ್ತಾನೆ, ನಾವು ತಿನ್ನಲ್ಲ ಎಂಬ ಗುರುತು ಹೀಗೆ ಗಟ್ಟಿಯಾಗಿರಬಹುದು. ಮುಂದೆ ಇಸ್ರೇಲರದೇ ಉತ್ತರದ ರಾಜ್ಯದ ಕೆಲವು ಊರುಗಳಲ್ಲೂ ಹಂದಿ ಮೂಳೆ ಸಿಕ್ಕಿದೆ. ಹಾಗಾಗಿ ಕಥೆ ಅಷ್ಟು ಸಲೀಸಲ್ಲ. ಆದರೂ ಈ ಎಲ್ಲ ವಾದಗಳಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ.

ಒಂಟೆ ಯೆಹೂದಿಗಳಿಗೆ ಬೇಡ, ಮುಸ್ಲಿಮರಿಗೆ ಬೇಕು. ಯಾಕೆ ಹೀಗೆ?

ಇಸ್ಲಾಂ ಗೊರಸು, ಮೆಲುಕಿನ ಲೆಕ್ಕ ಇಟ್ಟುಕೊಂಡಿಲ್ಲ. ಯೆಹೂದಿಗಳ ಮೇಲಿನ ಕೆಲವು ನಿರ್ಬಂಧಗಳು ಅವರಿಗಷ್ಟೇ ಹಾಕಿದವು, ಅವರ ತಪ್ಪಿಗೆ ಶಿಕ್ಷೆಯಾಗಿ ಬಂದವು ಅನ್ನುತ್ತದೆ ಕುರ್‌ಆನ್. ಒಂಟೆಯ ಹಾಲು, ಮಾಂಸ ಇಲ್ಲದೆ ಅರಬರ ಬದುಕೂ ಇಲ್ಲ. ಇಲ್ಲಿ ಮಾರ್ವಿನ್ ಹ್ಯಾರಿಸ್ ನಗುತ್ತಿರಬಹುದು.

ಹಾಲಿಗೂ ಮಾಂಸಕ್ಕೂ ಏನು ಜಗಳ?

ಇದು ಯೆಹೂದಿಗಳ ನಿಯಮ, ಇಸ್ಲಾಂನಲ್ಲಿಲ್ಲ. ಮೊಸರು ಹಾಕಿದ ಬಿರಿಯಾನಿ ಹಲಾಲ್ ಆಗಬಹುದು, ಕೋಷರ್ ಆಗುವುದಿಲ್ಲ. ಬಟರ್ ಚಿಕನ್ ಕೂಡ ಕಟ್.

ಮೂಲ ವಾಕ್ಯ ಚಿಕ್ಕದು. ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ. ತೋರಾದಲ್ಲಿ ಮೂರು ಕಡೆ ಬರುತ್ತದೆ, ಒಂದು ಕಡೆಯೂ ಕಾರಣವಿಲ್ಲ. ಮೂರು ಸಲ ಬಂದದ್ದಕ್ಕೆ ರಬ್ಬಿಗಳು ಮೂರು ಅರ್ಥ ತೆಗೆದರು. ಬೇಯಿಸಬೇಡ, ತಿನ್ನಬೇಡ, ಅದರಿಂದ ಲಾಭವನ್ನೂ ಪಡೆಯಬೇಡ.

ಫಿಲೋಗೆ ಇದರಲ್ಲಿ ಕರುಣೆ ಕಂಡಿತು. ಮರಿಯನ್ನು ಬದುಕಿಸಲು ಬಂದ ಹಾಲಿನಲ್ಲೇ ಅದನ್ನು ಬೇಯಿಸುವುದು ಕ್ರೌರ್ಯ ಅಂದರು. ಮೈಮೋನಿಡೀಸ್‌ಗೆ ಅನುಮಾನ ಬಂದದ್ದು ಬೇರೆ ಕಡೆ. ಸುತ್ತಲಿನ ವಿಗ್ರಹಾರಾಧಕರ ಯಾವುದೋ ಹಬ್ಬದ ಆಚರಣೆ ಇದಾಗಿರಬೇಕು, ಅದರಿಂದ ದೂರ ಇರಲಿ ಅಂತ ಬೇಡ ಅಂದಿರಬೇಕು. ತಮಾಷೆ ನೋಡಿ, 1930ರ ದಶಕದಲ್ಲಿ ಸಿರಿಯಾದ ಉಗರಿತ್‌ನಲ್ಲಿ ಸಿಕ್ಕ ಮಣ್ಣಿನ ಫಲಕವೊಂದರಲ್ಲಿ 'ಮರಿಯನ್ನು ಹಾಲಿನಲ್ಲಿ ಬೇಯಿಸು' ಅಂತ ಇದೆ ಎಂದು ವಿದ್ವಾಂಸರು ಓದಿದರು. ಮೈಮೋನಿಡೀಸ್ ಊಹೆ ನಿಜವಾಯಿತು ಅಂತ ಎಲ್ಲರೂ ಖುಷಿಪಟ್ಟರು. ಆಮೇಲೆ ನೋಡಿದರೆ ಆ ಸಾಲೇ ಮುಕ್ಕಾಗಿದೆ, ಓದಿದ್ದೇ ತಪ್ಪು ಅಂತಾಯಿತು.

ಆ ಒಂದು ವಾಕ್ಯ ಅಡುಗೆಮನೆಯನ್ನೇ ಎರಡು ಭಾಗ ಮಾಡಿತು. ಕಟ್ಟುನಿಟ್ಟಿನ ಮನೆಯಲ್ಲಿ ಎರಡು ಜೊತೆ ಪಾತ್ರೆ, ಎರಡು ಜೊತೆ ತಟ್ಟೆ ಚಮಚ. ಜಾಗವಿದ್ದರೆ ಎರಡು ಸಿಂಕ್. ತಪ್ಪಾಗದಿರಲಿ ಅಂತ ಸಾಮಾನ್ಯವಾಗಿ ಮಾಂಸದ್ದಕ್ಕೆ ಕೆಂಪು ಗುರುತು, ಹಾಲಿನದ್ದಕ್ಕೆ ನೀಲಿ. ಮಾಂಸ ತಿಂದ ಮೇಲೆ ಕಾಫಿಗೆ ಹಾಲು ಬೇಕಾದರೆ ಕಾಯಬೇಕು. ಬಹಳ ಕಡೆ ಆರು ಗಂಟೆ, ಜರ್ಮನಿಯ ಸಂಪ್ರದಾಯದಲ್ಲಿ ಮೂರು, ಡಚ್ ಯೆಹೂದಿಗಳಲ್ಲಿ ಒಂದೇ ಗಂಟೆ. ಎರಡಕ್ಕೂ ಸೇರದ ತರಕಾರಿ, ಕಾಳು, ಮೊಟ್ಟೆ, ಮೀನು 'ಪಾರ್ವೆ'. ಇವನ್ನು ಯಾವುದರ ಜೊತೆ ಬೇಕಾದರೂ ಬಡಿಸಬಹುದು, ಮೀನನ್ನು ಮಾಂಸದ ಜೊತೆ ಬೆರೆಸುವುದನ್ನು ಬಿಟ್ಟು.

ಕೋಳಿ ಹಾಲೇ ಕೊಡುವುದಿಲ್ಲವಲ್ಲ ಅಂತ ಕೇಳುತ್ತೀರಾ? ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಲಿಲಾಯದ ರಬ್ಬಿ ಯೋಸಿ ಇದನ್ನೇ ಕೇಳಿದ್ದರು. ಅವರ ಊರಿನಲ್ಲಿ ಕೋಳಿಯನ್ನು ಹಾಲಿನ ಜೊತೆ ತಿನ್ನುತ್ತಿದ್ದರು ಅಂತ ರಬ್ಬಿಗಳ ಹಳೆಯ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲೇ ಇದೆ. ಕೊನೆಗೆ ಗೆದ್ದದ್ದು ಬೇಡ ಅಂದವರು. ಕೋಳಿಗೆ ಬಿಟ್ಟರೆ ನಾಳೆ ಕುರಿಗೂ ಬಿಡುತ್ತಾರೆ ಎಂಬ ಭಯ. ನಿಯಮದ ಸುತ್ತ ಬೇಲಿ ಹಾಕು ಎನ್ನುವುದು ರಬ್ಬಿಗಳ ಹಳೇ ಮಾತು.

ರಕ್ತ ಯಾಕೆ ಬೇಡ?

ತೊಡೆಯ ನರದ ಹಾಗೆ ಇಲ್ಲೂ ತೋರಾ ಕಾರಣ ಕೊಡುತ್ತದೆ. ಪ್ರಾಣಿಯ ಪ್ರಾಣ ರಕ್ತದಲ್ಲಿದೆ. ಅದು ಬಲಿಪೀಠಕ್ಕೆ ಸೇರಿದ್ದು, ನಿನ್ನ ತಟ್ಟೆಗಲ್ಲ. ಜಿಂಕೆಯನ್ನೋ ಹಕ್ಕಿಯನ್ನೋ ಕೊಂದರೆ ಅದರ ರಕ್ತವನ್ನು ಮಣ್ಣಿನಿಂದ ಮುಚ್ಚು ಅಂತಲೂ ಇದೆ, ಒಂದು ಥರ ಮಣ್ಣು ಮಾಡಿದ ಹಾಗೆ. ಆದಿಕಾಂಡದ ಪ್ರಕಾರ ಮೊದಲ ಮನುಷ್ಯರಿಗೆ ಕೊಟ್ಟದ್ದು ಸೊಪ್ಪು, ಕಾಳು, ಹಣ್ಣು. ಮಾಂಸಕ್ಕೆ ಒಪ್ಪಿಗೆ ಸಿಕ್ಕಿದ್ದು ಪ್ರಳಯದ ನಂತರ, ನೋಹನ ಕಾಲಕ್ಕೆ, ಅದೂ ರಕ್ತ ಬಿಟ್ಟು. ಮಾಂಸಾಹಾರ ದೇವರು ಕೊಟ್ಟ ರಿಯಾಯಿತಿ, ಮುಂದೊಂದು ದಿನ ಮನುಷ್ಯ ಅದನ್ನು ಬಿಡುತ್ತಾನೆ ಅಂತ ರಬ್ಬಿ ಅಬ್ರಹಾಂ ಐಸಾಕ್ ಕೂಕ್ (1865–1935) ಬರೆದರು.

ಮಾಂಸದಿಂದ ರಕ್ತ ತೆಗೆಯುವ ಕ್ರಮ ಹೀಗೆ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಬೇಕು. ನೀರು ಸೋರಿದ ಮೇಲೆ ಎಲ್ಲ ಕಡೆಗೂ ಉಪ್ಪು ಸವರಬೇಕು. ಪುಡಿ ಉಪ್ಪು ಆಗಲ್ಲ, ಕರಗಿ ಹೋಗುತ್ತದೆ. ತೀರ ಕಲ್ಲುಪ್ಪಾದರೆ ಉದುರುತ್ತದೆ. ನಡುವಿನ ಗಾತ್ರದ ಹರಳು ಬೇಕು. ಅಮೆರಿಕದ ಅಡುಗೆ ವಿಡಿಯೋಗಳಲ್ಲಿ 'ಕೋಷರ್ ಸಾಲ್ಟ್' ಅಂತ ಕೇಳುತ್ತೀರಲ್ಲ, ಹೆಸರು ಬಂದದ್ದು ಈ ಕೆಲಸದಿಂದ. ಉಪ್ಪು ಹಚ್ಚಿದ ಮಾಂಸವನ್ನು ಓರೆಯಾದ ಹಲಗೆಯ ಮೇಲೋ ತೂತಿನ ತಟ್ಟೆಯ ಮೇಲೋ ಒಂದು ಗಂಟೆ ಇಡುತ್ತಾರೆ. ಕೆಂಪು ನೀರು ಕೆಳಗೆ ತೊಟ್ಟಿಕ್ಕುತ್ತದೆ. ಆಮೇಲೆ ಮೂರು ಸಲ ತೊಳೆಯುವುದು. ಲಿವರ್‌ನಲ್ಲಿ ರಕ್ತ ಜಾಸ್ತಿ, ಉಪ್ಪಿಗೆ ಬಗ್ಗಲ್ಲ. ಅದನ್ನು ನೇರ ಬೆಂಕಿಯ ಮೇಲೆಯೇ ಸುಡಬೇಕು. ಮೊಟ್ಟೆ ಒಡೆದಾಗ ಒಂದು ಚುಕ್ಕೆ ರಕ್ತ ಕಂಡರೂ ಎಸೆಯುತ್ತಾರೆ.

ಇಸ್ಲಾಂನಲ್ಲಿ ಬೇಡ ಅಂದದ್ದು ಹರಿಯುವ ರಕ್ತ. ಕೊಯ್ದಾಗ ಹರಿದು ಹೋಗಬೇಕಾದದ್ದು ಹೋಯಿತು, ಮಾಂಸದೊಳಗೆ ಉಳಿದದ್ದಕ್ಕೆ ತಕರಾರಿಲ್ಲ.

ಹಲಾಲ್ ಅಂದರೆ ಕೊಯ್ಯುವ ವಿಧಾನ ತಾನೇ?

ಹಲಾಲ್ ಅಂದರೆ ಸಮ್ಮತವಾದದ್ದು, ಅಷ್ಟೇ. ದುಡಿದ ದುಡ್ಡಿಗೂ, ಮಾಡುವ ಕೆಲಸಕ್ಕೂ ಅದೇ ಪದ. ನಮ್ಮ ಕಡೆ 'ಕೋಳಿ ಹಲಾಲ್ ಮಾಡಿಸು' ಅಂತ ಹೇಳಿ ಹೇಳಿ ಅರ್ಥ ಕಿರಿದಾಗಿದೆ. 2022ರ ಯುಗಾದಿ ಹೊತ್ತಿಗೆ ಹೊಸತೊಡಕಿನ ಮಾಂಸದ ಸುತ್ತ ಗಲಾಟೆ ಎದ್ದಾಗ ಈ ಪದ ಎಲ್ಲರ ಬಾಯಲ್ಲೂ ಓಡಾಡಿತು. ಅರ್ಥ ಕೇಳಿದವರು ಕಡಿಮೆ.

ಕೊಯ್ಯುವಾಗ ದೇವರ ಹೆಸರು ಹೇಳಬೇಕು. ಹರಿತವಾದ ಚೂರಿಯಿಂದ ಗಂಟಲಿನ ಕೊಳವೆಗಳು, ಕತ್ತಿನ ರಕ್ತನಾಳಗಳು ತುಂಡಾಗಬೇಕು. ಪ್ರಾಣಿ ಜೀವಂತ ಇರಬೇಕು. ಹೆಸರು ಯಾಕೆ ಹೇಳಬೇಕು? ಜೀವ ತೆಗೆಯುವ ಹಕ್ಕು ಮನುಷ್ಯನದಲ್ಲ, ಕೊಟ್ಟವನ ಅನುಮತಿ ಕೇಳಬೇಕು ಅನ್ನುವುದು ಸಾಮಾನ್ಯವಾಗಿ ಸಿಗುವ ವಿವರಣೆ. ಚೂರಿಯನ್ನು ಹರಿತ ಮಾಡಿಕೊಳ್ಳಿ, ಪ್ರಾಣಿಗೆ ಸಂಕಟ ಕೊಡಬೇಡಿ ಅಂತ ಪ್ರವಾದಿ ಮುಹಮ್ಮದರ ನಡೆನುಡಿಗಳ ದಾಖಲೆಯಾದ ಹದೀಸ್‌ನಲ್ಲಿದೆ. ಕುರಿಯನ್ನು ಕೆಡವಿ ಅದರ ಎದುರೇ ಚೂರಿ ಮಸೆಯುತ್ತಿದ್ದವನನ್ನು ಕಂಡು ಪ್ರವಾದಿ, ಅದನ್ನು ಎರಡು ಸಲ ಸಾಯಿಸಬೇಕು ಅಂತಿದ್ದೀಯಾ ಅಂತ ಕೇಳಿದರಂತೆ.

ಯೆಹೂದಿಗಳಲ್ಲಿ ಇದು ತರಬೇತಿ ಪಡೆದ 'ಶೋಖೆತ್' ಮಾಡುವ ಕೆಲಸ. ಅವನು ಚೂರಿಯ ಅಲಗನ್ನು ಉಗುರಿನ ಮೇಲೆ ನಿಧಾನವಾಗಿ ಎಳೆದು ನೋಡುತ್ತಾನೆ. ಕಣ್ಣಿಗೆ ಕಾಣದ ಮುಕ್ಕೂ ಉಗುರಿಗೆ ತಾಗುತ್ತದೆ. ತಾಗಿತೋ, ಮತ್ತೆ ಮಸೆಯಬೇಕು. ಕೊಯ್ಯುವಾಗ ಮಧ್ಯೆ ನಿಲ್ಲಿಸಿದರೆ, ಒತ್ತಿದರೆ, ಹರಿದರೆ ಮಾಂಸ ಕೋಷರ್ ಅಲ್ಲ. ಆಮೇಲೆ ಶ್ವಾಸಕೋಶ ತೆಗೆದು ಗಾಯ, ಗಂಟು ಇದೆಯಾ ಅಂತ ಕೈಯಾಡಿಸಿ ನೋಡುತ್ತಾರೆ. 'ಗ್ಲಾಟ್ ಕೋಷರ್' ಅಂದರೆ ಆ ಶ್ವಾಸಕೋಶ ನುಣುಪಾಗಿತ್ತು ಅಂತ.

ಪ್ರಾಣಿಗೆ ಮೊದಲು ಪ್ರಜ್ಞೆ ತಪ್ಪಿಸಬಾರದಾ?

ದೊಡ್ಡ ಜಗಳ ಇರುವುದು ಇಲ್ಲೇ. ಯೆಹೂದಿ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಾಯಗೊಂಡ ಪ್ರಾಣಿ ಕೋಷರ್ ಆಗಲ್ಲ. ಮುಸ್ಲಿಮರಲ್ಲಿ ಎರಡು ಮಾತಿದೆ, ಪ್ರಾಣಿ ಸಾಯದಂತೆ ಕರೆಂಟ್ ಕೊಟ್ಟರೆ ಕೆಲವರು ಒಪ್ಪುತ್ತಾರೆ. ಬೆಲ್ಜಿಯಂನ ಎರಡು ಪ್ರಾಂತ್ಯಗಳು 2019ರಿಂದ ಪ್ರಜ್ಞೆ ತಪ್ಪಿಸದೆ ಕೊಯ್ಯುವುದನ್ನು ನಿಲ್ಲಿಸಿದವು. ಅಂಥ ಕಾನೂನು ಮಾಡಬಹುದು ಅಂತ 2020ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ ಹೇಳಿತು. ಪ್ರಾಣಿಯ ನೋವಿನ ಪ್ರಶ್ನೆ ನಿಜವಾದದ್ದೇ. ಆದರೆ ಸ್ವಿಟ್ಜರ್ಲೆಂಡ್ 1893ರಲ್ಲೇ ಜನಮತದಿಂದ ಇದನ್ನು ನಿಷೇಧಿಸಿದಾಗ ಪ್ರಾಣಿದಯೆಯ ಜೊತೆ ಯೆಹೂದಿ ದ್ವೇಷವೂ ಕೆಲಸ ಮಾಡಿತ್ತು. ಈ ಚರ್ಚೆಯಲ್ಲಿ ಯಾರು ಯಾವುದಕ್ಕೆ ಮಾತಾಡುತ್ತಿದ್ದಾರೆ ಅಂತ ಸ್ವಲ್ಪ ಗಮನಿಸಬೇಕು.

ಒಬ್ಬರದು ಇನ್ನೊಬ್ಬರು ತಿನ್ನಬಹುದಾ?

ಗ್ರಂಥ ಪಡೆದವರ ಆಹಾರ ನಿಮಗೆ ಸಮ್ಮತ ಅಂತ ಕುರ್‌ಆನ್‌ನ ಐದನೇ ಅಧ್ಯಾಯದಲ್ಲಿದೆ. ಹಾಗಾಗಿ ಹಲಾಲ್ ಸಿಗದ ಊರಿನಲ್ಲಿ ಕೋಷರ್ ಮಾಂಸ ಕೊಳ್ಳುವ ಮುಸ್ಲಿಮರಿದ್ದಾರೆ. ಕೋಷರ್ ವೈನ್ ಮಾತ್ರ ನಡೆಯಲ್ಲ. ಯೆಹೂದಿಗಳಿಗೆ ಹಲಾಲ್ ಮಾಂಸ ನಡೆಯುವುದಿಲ್ಲ, ಕೊಯ್ಯುವವನು ಶೋಖೆತ್ ಆಗಿರಲೇಬೇಕು.

ಮದ್ಯ ಯೆಹೂದಿಗಳಿಗೆ ಸರಿ, ಮುಸ್ಲಿಮರಿಗೆ ಯಾಕೆ ಬೇಡ?

ಯೆಹೂದಿಗಳ ಶುಕ್ರವಾರ ಸಂಜೆಯ ಊಟ ಶುರುವಾಗುವುದೇ ವೈನ್ ಮೇಲೆ ಹೇಳುವ ಪ್ರಾರ್ಥನೆಯಿಂದ. ಇಸ್ಲಾಂನಲ್ಲಿ ನಿಷೇಧ ಹಂತ ಹಂತವಾಗಿ ಬಂತು. ಮೊದಲು, ಅದರಲ್ಲಿ ಲಾಭವೂ ಇದೆ, ಹಾನಿ ಹೆಚ್ಚು. ಆಮೇಲೆ, ಅಮಲಿನಲ್ಲಿ ನಮಾಝಿಗೆ ಬರಬೇಡಿ. ಕೊನೆಗೆ, ಪೂರ್ತಿ ಬಿಡಿ. ಜನರ ನಡುವೆ ದ್ವೇಷ ಹುಟ್ಟಿಸುತ್ತದೆ, ಪ್ರಾರ್ಥನೆ ಮರೆಸುತ್ತದೆ ಅಂತ ಕಾರಣವನ್ನೂ ಕೊಟ್ಟಿದೆ.

ಹೀಗೆ ಕಾರಣ ಹೇಳಿದ್ದಕ್ಕೆ ಪರಿಣಾಮವೂ ಇದೆ. ಅಮಲೇ ಕಾರಣ ಅಂತಾದ ಮೇಲೆ ಆ ನಿಯಮವನ್ನು ಗಾಂಜಾಕ್ಕೂ ಹೊಸ ಡ್ರಗ್ಸ್‌ಗೂ ಹಚ್ಚಬಹುದು. ಅದೇ ವೈನ್ ತಾನಾಗಿ ಹುಳಿಯಾಗಿ ವಿನೆಗರ್ ಆದರೆ ಹಲಾಲ್, ಅಮಲು ಹೋಯಿತಲ್ಲ! ಹಂದಿಗೆ ಇಂಥ ಅನುಕೂಲವಿಲ್ಲ. ಫಾರಂನಲ್ಲಿ ಎಷ್ಟೇ ಸ್ವಚ್ಛವಾಗಿ ಬೆಳೆಸಿದರೂ ಹಂದಿ ಹಂದಿಯೇ.

ಸೀಗಡಿ, ಏಡಿ?

ಯೆಹೂದಿಗಳಿಗೆ ಈಜುರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನು ಮಾತ್ರ. ನಮ್ಮ ಬಂಗುಡೆ, ಬೂತಾಯಿ ಆದೀತು. ಸೀಗಡಿ, ಏಡಿ, ಮರುವಾಯಿ, ಬೊಂಡಾಸ್, ಶಾರ್ಕ್ ಯಾವುದೂ ಆಗಲ್ಲ.

ಮುಸ್ಲಿಮರಲ್ಲಿ ಇದಕ್ಕೆ ಉತ್ತರ ಅವರವರ ಪಂಥದ ಮೇಲೆ ನಿಂತಿದೆ. ಶಾಫಿಈ ಪಂಥದವರಿಗೆ ಕಡಲಿನದು ಹೆಚ್ಚುಕಡಿಮೆ ಎಲ್ಲವೂ ಸರಿ. ಹನಫಿ ಪಂಥದಲ್ಲಿ ಮೀನು ಮಾತ್ರ. ಏಡಿ ಇಲ್ಲ, ಸೀಗಡಿ ಮೀನು ಹೌದೋ ಅಲ್ಲವೋ ಅಂತ ಇನ್ನೂ ಚರ್ಚೆ. ಕರ್ನಾಟಕದ ಮಟ್ಟಿಗೆ ಇದು ಘಟ್ಟ ಇಳಿದ ಹಾಗೆ ಬದಲಾಗುತ್ತದೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿಈ. ಒಳನಾಡಿನ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ.

ಬೇರೇನೂ ಸಿಗದೆ ಸಾಯುವ ಹಾಗಾದರೆ?

ತಿನ್ನಬೇಕು. ಎರಡೂ ಧರ್ಮ ಇದರಲ್ಲಿ ಸ್ಪಷ್ಟ. ಆಸೆಯಿ‌ಂದಲ್ಲದೆ, ಮಿತಿ ಮೀರದೆ, ಗತಿಯಿಲ್ಲದೆ ತಿಂದವನಿಗೆ ಪಾಪವಿಲ್ಲ ಅನ್ನುತ್ತದೆ ಕುರ್‌ಆನ್. ಯೆಹೂದಿಗಳಲ್ಲೂ ಜೀವ ಉಳಿಸಲು ಆಹಾರದ ಯಾವ ನಿಯಮವನ್ನಾದರೂ ಮುರಿಯಬಹುದು.

ಅಂಗಡಿಯ ಪ್ಯಾಕೆಟ್‌ನಲ್ಲಿ ಇಷ್ಟೊಂದು ಏನು ಓದುತ್ತಾರೆ?

ನಾನೊಮ್ಮೆ ಪಾಟ್‌ಲಕ್ ಊಟಕ್ಕೆ ಮೂರು ಬಣ್ಣದ ಜೆಲ್ಲಿ ಮಾಡಿಕೊಂಡು ಹೋಗಿದ್ದೆ. ಮುಸ್ಲಿಂ ಗೆಳತಿ ಚಮಚ ಎತ್ತಿ, ಇಳಿಸಿ, "ಇದರಲ್ಲಿ ಜಿಲೆಟಿನ್ ಇದ್ಯೇನೇ?" ಅಂದಳು. ಡಬ್ಬಿ ಮನೆಯಲ್ಲಿತ್ತು. ಅವಳು ತಿನ್ನಲಿಲ್ಲ. ಪಕ್ಕದಲ್ಲಿದ್ದ ಜೈನ ಸಹೋದ್ಯೋಗಿ ಆಗಲೇ ಅರ್ಧ ಬಟ್ಟಲು ಖಾಲಿ ಮಾಡಿದ್ದ. ಅವನ ಮುಖ ಇನ್ನೂ ನೆನಪಿದೆ. ಜಿಲೆಟಿನ್ ಮಾಡುವುದು ಪ್ರಾಣಿಯ ಚರ್ಮ, ಮೂಳೆಯಿಂದ, ಹಲವು ಸಲ ಹಂದಿಯದ್ದರಿಂದಲೇ. ಚೀಸ್ ಹೆಪ್ಪುಗಟ್ಟಿಸುವ ರೆನ್ನೆಟ್ ಕರುವಿನ ಹೊಟ್ಟೆಯಿಂದ ಬಂದಿರಬಹುದು. ಕೆಲವು ಕೆಂಪು ಬಣ್ಣ ಹುಳುವಿನದು.

1935ರಲ್ಲಿ ಅಟ್ಲಾಂಟಾದ ರಬ್ಬಿ ಟೋಬಿಯಾಸ್ ಗೆಫೆನ್‌ಗೆ ಕೋಕಾ-ಕೋಲಾ ಕೋಷರಾ ಅಂತ ಪತ್ರಗಳು ಬರುತ್ತಿದ್ದವು. ಗುಟ್ಟು ಬಿಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಕಂಪನಿ ಪಟ್ಟಿ ತೋರಿಸಿತು. ನೋಡಿದರೆ ಪ್ರಾಣಿ ಕೊಬ್ಬಿನ ಗ್ಲಿಸರಿನ್! ತೀರ ಕಡಿಮೆ ಇತ್ತು, ಆದರೂ ಬೇಕಂತಲೇ ಹಾಕಿದ್ದು ಅಂತ ಅವರು ಒಪ್ಪಲಿಲ್ಲ. ಕಂಪನಿಯೇ ಗಿಡದ ಎಣ್ಣೆಯ ಗ್ಲಿಸರಿನ್‌ಗೆ ಬದಲಾಯಿಸಿತು.

ಹೊಸ ತಲೆನೋವು ಲ್ಯಾಬಿನಲ್ಲಿ ಬೆಳೆಸುವ ಮಾಂಸ. 2023ರ ಜನವರಿಯಲ್ಲಿ ಇಸ್ರೇಲ್‌ನ ಆಗಿನ ಮುಖ್ಯ ರಬ್ಬಿ ಡೇವಿಡ್ ಲಾವ್ ಅಂಥ ಒಂದು ಸ್ಟೇಕ್ ಮಾಂಸವೇ ಅಲ್ಲ, ಪಾರ್ವೆ ಅಂದರು. ಆದರೆ ಮಾಂಸ ಅಂತ ಹೇಳಿ ಮಾರಬಾರದಂತೆ.

ಭಾರತದಲ್ಲೂ ಯೆಹೂದಿಗಳಿದ್ದಾರಲ್ಲ, ಅವರು ಏನು ಮಾಡುತ್ತಾರೆ?

ಕೊಂಕಣದ ಬೆನೆ ಇಸ್ರೇಲರು ಹಿಂದೆ ಎಣ್ಣೆ ಗಾಣದ ಕೆಲಸದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಅಂದರು. ಅವರು ಯೆಹೂದಿಗಳೇ ಅಂತ ಪತ್ತೆಯಾದ ಬಗ್ಗೆ ಅವರಲ್ಲೊಂದು ಕಥೆ ಇದೆ. ಹೊರಗಿನಿಂದ ಬಂದ ಡೇವಿಡ್ ರಹಾಬಿ ಎಂಬ ಯೆಹೂದಿ ಒಂದು ಬುಟ್ಟಿ ಮೀನು ತಂದು ಅಡುಗೆ ಮಾಡಿ ಅಂದನಂತೆ. ಹೆಂಗಸರು ರೆಕ್ಕೆ, ಪೊರೆ ಇಲ್ಲದ ಮೀನುಗಳನ್ನು ಆರಿಸಿ ಪಕ್ಕಕ್ಕಿಟ್ಟರು. ಇವು ಯಾಕೆ ಬೇಡ ಅಂದರೆ, ನಾವು ತಿನ್ನಲ್ಲ ಅಂದರು. ತೋರಾ ಓದಲು ಬರುತ್ತಿರಲಿಲ್ಲ, ಕಾರಣವೂ ಗೊತ್ತಿರಲಿಲ್ಲ.

ಹಾಲು ಮಾಂಸದ ಸಮಸ್ಯೆಗೆ ಕರಾವಳಿ ಒಂದು ಉಪಾಯ ಕೊಟ್ಟಿತು. ಕೊಂಕಣ, ಕೊಚ್ಚಿಯ ಯೆಹೂದಿಗಳು ಮಾಂಸದ ಸಾರಿಗೆ ತೆಂಗಿನ ಹಾಲು ಹಾಕುತ್ತಾರೆ. ಹಾಲೂ ಹೌದು, ಪಾರ್ವೆಯೂ ಹೌದು.

'ನನಗೆ ಸೇರಲ್ಲ' ಅನ್ನುವುದಕ್ಕೂ 'ನಿಷಿದ್ಧ' ಅನ್ನುವುದಕ್ಕೂ ವ್ಯತ್ಯಾಸ ಇದೆಯಾ?

ಇದೆ. ಕಾರಣಗಳ ಬಗ್ಗೆ ಪ್ರವಾದಿಯ ಜೊತೆಗಿದ್ದವರಲ್ಲೇ ಅನುಮಾನಗಳಿದ್ದವು. 628ರಲ್ಲಿ ಖೈಬರ್‌ನಲ್ಲಿ ಸಾಕಿದ ಕತ್ತೆಯ ಮಾಂಸ ಬೇಡ ಅಂದಾಗ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಗಳನ್ನೇ ಮಗುಚಿದರು. ಹೊರೆ ಹೊರುವ ಪ್ರಾಣಿ ಮುಗಿದುಹೋಗುತ್ತದೆ ಅಂತ ಬೇಡ ಅಂದರೋ, ಶಾಶ್ವತವಾಗಿಯೇ ಬೇಡ ಅಂದರೋ ನನಗೆ ಗೊತ್ತಿಲ್ಲ ಅಂತ ಪ್ರವಾದಿಯ ಸಂಬಂಧಿ ಇಬ್ನ್ ಅಬ್ಬಾಸ್ ಹೇಳಿದ್ದು ಹದೀಸ್‌ನಲ್ಲೇ ಇದೆ.

ಇನ್ನೊಂದು ಊಟದ ಪ್ರಸಂಗ ಪ್ರವಾದಿಯ ಪತ್ನಿ ಮೈಮೂನಾ ಅವರ ಮನೆಯದು. ಪ್ರವಾದಿಯ ಸಂಗಡಿಗ ಖಾಲಿದ್ ಇಬ್ನ್ ವಲೀದ್ ಜೊತೆಗಿದ್ದರು. ನಮ್ಮ ಉಡದಂಥ ಮರುಭೂಮಿಯ ಪ್ರಾಣಿ 'ದಬ್ಬ್', ಸುಟ್ಟು ತಂದಿಟ್ಟಿದ್ದರು. ಪ್ರವಾದಿ ಕೈ ಚಾಚಿದರು. ಏನು ತಿನ್ನಲು ಹೊರಟಿದ್ದಾರೆ ಅಂತ ಅವರಿಗೆ ಹೇಳಿ ಅಂದರು ಅಲ್ಲಿದ್ದ ಹೆಂಗಸರು. ಕೇಳಿ ಕೈ ಹಿಂದಕ್ಕೆ ತೆಗೆದರು. ಇದು ಹರಾಮಾ ಅಂತ ಖಾಲಿದ್ ಕೇಳಿದರು. ಇಲ್ಲ, ನಮ್ಮ ಜನರ ನಾಡಿನಲ್ಲಿ ಇದು ಸಿಗುವುದಿಲ್ಲ, ನನಗೆ ಮನಸ್ಸು ಬರುವುದಿಲ್ಲ ಅಂದರು ಪ್ರವಾದಿ. ಖಾಲಿದ್ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಪ್ರವಾದಿ ನೋಡುತ್ತಾ ಕೂತಿದ್ದರು.